ಪೂಲ್ ಮೇಜಿನ ಮೇಲೆ ಚಲನಶಾಸ್ತ್ರ

ಚಲನೆಯ ನಿಯಮಗಳನ್ನು ನಾವು ಸಾಮಾನ್ಯವಾಗಿ ಕಲಿಯುವುದು ಕಪ್ಪುಹಲಗೆಯ ಮುಂದೆ ಕುಳಿತು. 'ಘರ್ಷಣೆಯನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ' ಎಂಬ ಮಾತು ಪಠ್ಯಪುಸ್ತಕದಲ್ಲಿ ಪದೇ ಪದೇ ಬರುತ್ತದೆ. ವಿದ್ಯಾರ್ಥಿಯಾದರೋ ಘರ್ಷಣೆಯಿಲ್ಲದ ಲೋಕವನ್ನು ಕಂಡವನೇ ಅಲ್ಲ. ಹೀಗಾಗಿ ನ್ಯೂಟನ್ನನ ನಿಯಮಗಳು ಪರೀಕ್ಷೆಗೆ ಬೇಕಾದುವು, ಬಾಳಿಗೆ ಬೇಡವಾದುವು ಎಂಬ ಭಾವನೆ ಅನೇಕರಲ್ಲಿ ಉಳಿದುಬಿಡುತ್ತದೆ. ಆದರೆ ಆ ನಿಯಮಗಳನ್ನು ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ತೋರಿಸಿಕೊಡುವ ಪ್ರಯೋಗಶಾಲೆಯೊಂದುಂಟು. ಅದು ಹಸಿರು ಬಟ್ಟೆ ಹೊದಿಸಿದ ಒಂದು ಮೇಜು, ಹದಿನಾರು ಚೆಂಡುಗಳು, ಒಂದು ಕೋಲು. ಈ ಆಟಕ್ಕೆ ಪೂಲ್ ಎಂದು ಹೆಸರು.

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ಮಲ್ಲಿಗೆಗೆ ಹೆಸರಾದ ಊರು. ಅಲ್ಲಾಗಲಿ, ನೆರೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲಾಗಲಿ ಬೆಳೆಯುವ ಮಕ್ಕಳಿಗೆ ಗೋಲಿ ಗೊತ್ತು, ಕ್ಯಾರಂ ಗೊತ್ತು. ಇಂತಹ ಊರೊಂದರ ಚಿಕ್ಕ ಕ್ಲಬ್ಬಿಗೆ ಒಂದು ಪೂಲ್ ಮೇಜು ಬಂದಿತೆನ್ನೋಣ. ಮಕ್ಕಳಿಗೆ ಅದನ್ನು ಕಲಿಸುವುದು ಹೇಗೆ? ಕಲಿತುದರಿಂದ ಅವರಿಗೆ ಏನು ಲಾಭ? ಈ ಎರಡು ಪ್ರಶ್ನೆಗಳನ್ನು ವಿಚಾರಿಸೋಣ.

ಗೋಲಿಯ ಪಾಠ, ಕ್ಯಾರಂನ ಪಾಠ

ಹೊಸ ವಿದ್ಯೆಯನ್ನು ಕಲಿಸುವವನು ಮೊದಲು ಶಿಷ್ಯನಿಗೆ ಏನು ಗೊತ್ತಿದೆ ಎಂಬುದನ್ನು ಅರಿಯಬೇಕು. ಕ್ಯಾರಂ ಆಡಿದ ಹುಡುಗನಿಗೆ ಸಂಘಟ್ಟನೆಯ ಅನುಭವ ಸಾಕಷ್ಟಿದೆ. ಆದರೆ ಆ ಅನುಭವ ಪೂಲ್ ಮೇಜಿನ ಮೇಲೆ ಅವನನ್ನು ಕೊಂಚ ದಾರಿ ತಪ್ಪಿಸುತ್ತದೆ. ಅದು ಹೇಗೆಂದು ನೋಡಿರಿ.

ಕ್ಯಾರಂನ ಸ್ಟ್ರೈಕರ್ ಹೆಚ್ಚೆಂದರೆ 15 ಗ್ರಾಂ ತೂಗಬಹುದು. ಒಂದು ಕಾಯಿಯ ತೂಕ ಸುಮಾರು 5 ಗ್ರಾಂ. ಸ್ಟ್ರೈಕರ್ ಸೆಕೆಂಡಿಗೆ 2 ಮೀಟರ್ ವೇಗದಿಂದ ಬಂದು ಕಾಯಿಗೆ ನೇರವಾಗಿ ತಾಗಿತೆನ್ನಿ. ಶಕ್ತಿನಷ್ಟವೇ ಇಲ್ಲದಿದ್ದರೆ ಸ್ಟ್ರೈಕರಿನ ವೇಗ 1 ಮೀಟರಿಗೆ ಇಳಿಯುತ್ತದೆ. ಕಾಯಿ 3 ಮೀಟರ್ ವೇಗದಿಂದ ಹಾರುತ್ತದೆ. ತೂಕವನ್ನು ವೇಗದಿಂದ ಗುಣಿಸಿದರೆ ಸಂವೇಗ ದೊರೆಯುತ್ತದೆ. ಮೊದಲು 15ನ್ನು 2ರಿಂದ ಗುಣಿಸಿದಾಗ 30. ಬಳಿಕ ಸ್ಟ್ರೈಕರಿನದು 15, ಕಾಯಿಯದು 15, ಒಟ್ಟು ಅದೇ 30. ಚಲನಶಕ್ತಿಯ ಲೆಕ್ಕವನ್ನೂ ಓದುಗರು ಮಾಡಿ ನೋಡಬಹುದು, ಅದೂ ಸರಿಹೊಂದುತ್ತದೆ. ನಿಜವಾದ ಹಲಗೆಯ ಮೇಲೆ ಸ್ವಲ್ಪ ಶಕ್ತಿ ಸದ್ದಾಗಿಯೂ ಶಾಖವಾಗಿಯೂ ಹೋಗುವುದರಿಂದ ಅಂಕೆಗಳು ಕೊಂಚ ಬದಲಾಗುತ್ತವೆ. ಆದರೆ ಮುಖ್ಯಾಂಶ ಬದಲಾಗದು: ಭಾರವಾದ ಸ್ಟ್ರೈಕರ್ ನಿಲ್ಲುವುದಿಲ್ಲ, ಕಾಯಿಯ ಬೆನ್ನಟ್ಟಿ ಹೋಗುತ್ತದೆ. ಕಾಯಿಯ ಹಿಂದೆಯೇ ಸ್ಟ್ರೈಕರೂ ಕುಳಿಗೆ ಬಿದ್ದು ಆಟಗಾರ ದಂಡ ತೆರುವುದು ಇದರಿಂದಲೇ.

ಪೂಲ್ ಆಟದ ಚೆಂಡುಗಳಾದರೋ ಒಂದೇ ಅಳತೆಯವು. ಪ್ರತಿಯೊಂದರ ವ್ಯಾಸ 57.15 ಮಿಲಿಮೀಟರ್, ತೂಕ 156ರಿಂದ 170 ಗ್ರಾಂ. ಹೊಡೆಯುವ ಬಿಳಿಯ ಚೆಂಡೂ ಹೊಡೆಸಿಕೊಳ್ಳುವ ಬಣ್ಣದ ಚೆಂಡೂ ಸಮತೂಕದವಾದುದರಿಂದ, ಉರುಳದೆ ಜಾರುತ್ತ ಬಂದ ಬಿಳಿಯ ಚೆಂಡು ನೇರವಾಗಿ ತಾಗಿದೊಡನೆ ನಿಂತ ಜಾಗದಲ್ಲೇ ನಿಂತುಬಿಡುತ್ತದೆ. ತನ್ನ ವೇಗವನ್ನೆಲ್ಲ ಎದುರಿನದಕ್ಕೆ ಧಾರೆಯೆರೆದುಬಿಡುತ್ತದೆ. ಕ್ಯಾರಂ ಆಡಿ ಬಂದ ಮಗು ಇದನ್ನು ಕಂಡು ಬೆರಗಾಗುವುದು ಸಹಜ. ಆದರೆ ಗೋಲಿ ಆಡಿದ ಮಗು ಬೆರಗಾಗದು. ಹೊಡೆದ ಗೋಲಿ ಹೊಡೆಸಿಕೊಂಡ ಗೋಲಿಯ ಸ್ಥಾನದಲ್ಲೇ ನಿಲ್ಲುವ ಸೊಗಸನ್ನು ಅದು ಬೀದಿಯಲ್ಲೇ ಕಂಡಿರುತ್ತದೆ.

ಲಂಬಕೋನದ ಸೊಗಸು

ಚೆಂಡು ನೇರವಾಗಿ ತಾಗದೆ ಓರೆಯಾಗಿ ತಾಗಿದರೆ? ಇಲ್ಲಿ ರೇಖಾಗಣಿತದ ಒಂದು ಸುಂದರ ಪ್ರಮೇಯ ಮೇಜಿನ ಮೇಲೆ ಮೂಡುತ್ತದೆ. ಸಂಘಟ್ಟನೆಯ ಬಳಿಕ ಎರಡು ಚೆಂಡುಗಳೂ ಬೇರೆ ಬೇರೆ ದಿಕ್ಕುಗಳಲ್ಲಿ ಹೊರಡುತ್ತವೆ. ತೂಕ ಸಮನಾದುದರಿಂದ ಸಂವೇಗದ ನಿಯಮ ಹೇಳುವುದೇನೆಂದರೆ, ಬಳಿಕದ ಎರಡು ವೇಗಗಳನ್ನು ತುದಿಗೆ ತುದಿ ಸೇರಿಸಿ ಗೆರೆಗಳಾಗಿ ಬರೆದರೆ, ಮೊದಲಿನ ವೇಗ ಅವುಗಳೊಡನೆ ತ್ರಿಭುಜವೊಂದರ ಮೂರನೆಯ ಭುಜವಾಗುತ್ತದೆ. ಚಲನಶಕ್ತಿಯ ನಿಯಮ ಹೇಳುವುದೇನೆಂದರೆ, ಆ ಮೂರನೆಯ ಭುಜದ ವರ್ಗ ಉಳಿದೆರಡು ಭುಜಗಳ ವರ್ಗಗಳ ಮೊತ್ತಕ್ಕೆ ಸಮ. ಇಂತಹ ತ್ರಿಭುಜ ಯಾವುದು? ಪೈಥಾಗೊರಸನ ಪ್ರಮೇಯವನ್ನು ಓದಿದವರಿಗೆಲ್ಲ ತಿಳಿದಂತೆ ಅದು ಲಂಬಕೋನ ತ್ರಿಭುಜ. ಆದುದರಿಂದ ಎರಡು ಚೆಂಡುಗಳೂ ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ ಅಗಲಿ ಹೋಗುತ್ತವೆ. ಬಣ್ಣದ ಚೆಂಡು ಕುಳಿಗೆ ಹೋಗುವ ದಾರಿ ತಿಳಿದರೆ ಬಿಳಿಯ ಚೆಂಡು ಯಾವ ದಾರಿ ಹಿಡಿಯುವುದೆಂಬುದನ್ನು ಹೊಡೆಯುವ ಮೊದಲೇ ಹೇಳಬಹುದು.

ಆದರೆ ಇದಕ್ಕೆ ಒಂದು ಷರತ್ತುಂಟು. ತಾಗುವ ಕ್ಷಣದಲ್ಲಿ ಬಿಳಿಯ ಚೆಂಡು ಉರುಳದೆ ಜಾರುತ್ತಿರಬೇಕು. ಉರುಳುತ್ತಿದ್ದರೆ ಅದರ ಭ್ರಮಣ, ತಾಗಿದ ಬಳಿಕವೂ ಅದನ್ನು ಮುಂದಕ್ಕೆ ಎಳೆಯುತ್ತದೆ, ಲಂಬಕೋನ ಕಿರಿದಾಗುತ್ತದೆ. ಉರುಳುವ ಬಿಳಿಯ ಚೆಂಡು ಎದುರಿನ ಚೆಂಡಿನ ಅರ್ಧಭಾಗವನ್ನು ಮುಚ್ಚುವಂತೆ ತಾಗಿದರೆ, ಬಣ್ಣದ ಚೆಂಡು 30 ಡಿಗ್ರಿ ಒಂದು ಕಡೆಗೂ, ಬಿಳಿಯದು ಕೊನೆಗೆ ಸುಮಾರು 34 ಡಿಗ್ರಿ ಇನ್ನೊಂದು ಕಡೆಗೂ ತಿರುಗುತ್ತವೆ.

ಚೆಂಡಿನ ಭ್ರಮಣವನ್ನು ಗಣಿತದಿಂದ ಕೂಲಂಕಷವಾಗಿ ವಿಚಾರಿಸಿದವನು ಫ್ರಾನ್ಸಿನ ಗ್ಯಾಸ್ಪಾರ್ ಗುಸ್ತಾವ್ ಕೊರಿಯೊಲಿಸ್. ಭೂಮಿಯ ಭ್ರಮಣದಿಂದ ಗಾಳಿಯ ದಿಕ್ಕು ಬದಲಾಗುವುದನ್ನು ವಿವರಿಸುವಾಗ ನಾವು ನೆನೆಯುವ ಕೊರಿಯೊಲಿಸ್ ಇವನೇ. 1835ರಲ್ಲಿ ಇವನು ಬಿಲಿಯರ್ಡ್ಸ್ ಆಟದ ಗಣಿತವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಚೆಂಡನ್ನು ಸರಿಯಾಗಿ ನಡುವೆ ಹೊಡೆದರೆ ಅದು ಮೊದಲು ಜಾರುತ್ತದೆ. ಬಟ್ಟೆಯ ಘರ್ಷಣೆಯಿಂದ ಕ್ರಮೇಣ ಉರುಳತೊಡಗುತ್ತದೆ. ಪೂರ್ತಿ ಉರುಳುವ ಹೊತ್ತಿಗೆ ಅದರ ವೇಗ ಮೊದಲಿನ ಏಳರಲ್ಲಿ ಐದು ಪಾಲಿಗೆ ಇಳಿದಿರುತ್ತದೆ. ಬಟ್ಟೆ ಒರಟಾಗಿದ್ದರೆ ಇದು ಬೇಗನೆ ಆಗುತ್ತದೆ, ನುಣುಪಾಗಿದ್ದರೆ ತಡವಾಗಿ ಆಗುತ್ತದೆ. ಪಾಲು ಮಾತ್ರ ಅದೇ. ಮೊದಲಿನಿಂದಲೇ ಚೆಂಡು ಜಾರದೆ ಉರುಳಬೇಕಾದರೆ ವ್ಯಾಸದ ಹತ್ತರಲ್ಲಿ ಏಳು ಪಾಲು ಎತ್ತರದಲ್ಲಿ, ಅಂದರೆ ಮೇಜಿನಿಂದ ಸುಮಾರು 40 ಮಿಲಿಮೀಟರ್ ಮೇಲೆ ಹೊಡೆಯಬೇಕು. ನಡುವಿಗಿಂತ ಕೆಳಗೆ ಹೊಡೆದರೆ ಚೆಂಡು ಹಿಮ್ಮುಖವಾಗಿ ತಿರುಗುತ್ತ ಮುಂದೆ ಸಾಗಿ, ಎದುರಿನ ಚೆಂಡಿಗೆ ತಾಗಿದ ಮೇಲೆ ಕರೆದಂತೆ ಹಿಂದಿರುಗಿ ಬರುತ್ತದೆ. ನೋಡುವವರಿಗೆ ಇದು ಮಾಟದಂತೆ ಕಾಣುತ್ತದೆ. ಇದರಲ್ಲಿ ಮಾಟವೇನೂ ಇಲ್ಲ, ಘರ್ಷಣೆಯಷ್ಟೆ.

ಕಲಿಸುವ ಕ್ರಮ

ಪೂಲ್ ಮೇಜಿನ ಬಳಿಗೆ ಬಂದ ಮಗು ಮೊದಲು ಬಯಸುವುದು ಬಲವಾಗಿ ಹೊಡೆಯುವುದನ್ನು. ಕಲಿಸುವವನು ಮೊದಲು ಬಿಡಿಸಬೇಕಾದುದೂ ಇದನ್ನೇ. ಏಕೆಂದರೆ ಉರುಳುವ ಚೆಂಡು ಸಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ ದೂರ ನಾಲ್ಮಡಿಯಾಗುತ್ತದೆ. ಆದುದರಿಂದ ತೋಳಿನ ಬಲ ಸ್ವಲ್ಪ ಹೆಚ್ಚಿದರೂ ಬಿಳಿಯ ಚೆಂಡು ಎಲ್ಲಿಯೋ ಹೋಗಿ ನಿಲ್ಲುತ್ತದೆ.

ಮೊದಲ ಪಾಠ ನಿಲುವಿನದು. ಮೇಜಿನ ಮೇಲ್ಮೈ ನೆಲದಿಂದ 74ರಿಂದ 79 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಎಳೆಯ ಮಕ್ಕಳಿಗೆ ಇದು ಹೆಚ್ಚು. ಅವರು ಕಾಲ್ತುದಿಯಲ್ಲಿ ನಿಂತು ಆಡಿದರೆ ಮೈ ಅಲುಗುತ್ತದೆ, ಕೋಲು ವಾಲುತ್ತದೆ. ಅಲುಗದಂತಹ ಅಗಲವಾದ ಒಂದು ಮಣೆಯನ್ನು ಕಾಲ ಕೆಳಗೆ ಇಟ್ಟರೆ ಸಾಕು.

ಎರಡನೆಯ ಪಾಠ ಕೋಲನ್ನು ನೇರವಾಗಿ ನಡೆಸುವುದು. ಖಾಲಿ ಸೀಸೆಯೊಂದನ್ನು ಮೇಜಿನ ಮೇಲೆ ಮಲಗಿಸಿ, ಅದರ ಬಾಯಿಯೊಳಕ್ಕೆ ಕೋಲಿನ ತುದಿಯನ್ನು ಅಂಚಿಗೆ ತಾಗದಂತೆ ಹೋಗಿಸಿ ತೆಗೆಯಲು ಹೇಳಬೇಕು. ಗಾಜು ಕಿಣಿ ಎಂದರೆ ತಪ್ಪು. ಗುರುವಿನ ಬೈಗುಳಕ್ಕಿಂತ ಸೀಸೆಯ ಸದ್ದು ಒಳ್ಳೆಯ ಶಿಕ್ಷಕ. ಮೂರನೆಯದು ಬಿಳಿಯ ಚೆಂಡೊಂದನ್ನೇ ಎದುರಿನ ರಬ್ಬರಿನ ಅಂಚಿಗೆ ನೇರವಾಗಿ ಹೊಡೆದು, ಅದು ಕೋಲಿನ ತುದಿಗೇ ಮರಳಿ ಬರುವಂತೆ ಮಾಡುವುದು. ಚೆಂಡು ಪಕ್ಕಕ್ಕೆ ಸರಿದು ಬಂದರೆ ಕೋಲು ನಡುವಿಗೆ ತಾಗಿಲ್ಲವೆಂದು ತಿಳಿಯಬೇಕು. ನಾಲ್ಕನೆಯದು ಬಿಳಿಯ ಚೆಂಡನ್ನು ತಾಗಿದ ಸ್ಥಳದಲ್ಲೇ ನಿಲ್ಲಿಸುವುದು. ಹತ್ತಿರದ ಚೆಂಡಿಗೆ ನಡುವೆ ಹೊಡೆದರೆ ಸಾಕು. ದೂರದ ಚೆಂಡಿಗೆ ಕೊಂಚ ಕೆಳಗೆ ಹೊಡೆಯಬೇಕಾಗುತ್ತದೆ. ಹಾಗೇಕೆ ಎಂದು ಮಕ್ಕಳನ್ನೇ ಕೇಳಬೇಕು. ದಾರಿಯಲ್ಲಿ ಚೆಂಡು ಉರುಳತೊಡಗುತ್ತದೆಂಬ ಉತ್ತರವನ್ನು ಅವರೇ ಕಂಡುಕೊಂಡ ದಿನ ಘರ್ಷಣೆಯ ಪಾಠ ಮುಗಿದಂತೆಯೇ.

ಓರೆ ಹೊಡೆತ ಇವೆಲ್ಲದರ ಬಳಿಕ. ಬಣ್ಣದ ಚೆಂಡಿನ ಹಿಂದೆ, ಕುಳಿಗೆ ನೇರವಾದ ಗೆರೆಯಲ್ಲಿ, ಇನ್ನೊಂದು ಚೆಂಡು ಅಂಟಿಕೊಂಡಿದೆ ಎಂದು ಮಗು ಊಹಿಸಿಕೊಳ್ಳಬೇಕು. ಬಿಳಿಯ ಚೆಂಡು ಆ ಕಲ್ಪಿತ ಚೆಂಡಿನ ಜಾಗಕ್ಕೆ ಬಂದು ಸೇರಬೇಕು. ಇಲ್ಲಿ ಎಷ್ಟು ನಿಖರತೆ ಬೇಕೆಂಬುದನ್ನು ಲೆಕ್ಕ ಹಾಕಿರಿ. ಹೆಚ್ಚು ಓರೆಯಲ್ಲದ ಹೊಡೆತದಲ್ಲಿ ಬಿಳಿಯ ಚೆಂಡು 1 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದರೆ ಬಣ್ಣದ ಚೆಂಡಿನ ದಿಕ್ಕು ಸುಮಾರು 1 ಡಿಗ್ರಿ ತಪ್ಪುತ್ತದೆ. ಒಂದು ಮೀಟರ್ ದೂರದ ಕುಳಿಯನ್ನು ತಲಪುವ ವೇಳೆಗೆ ಅದು ಹದಿನೇಳು ಮಿಲಿಮೀಟರಿಗೂ ಮೀರಿದ ತಪ್ಪಾಗಿರುತ್ತದೆ. ಚಿಕ್ಕ ತಪ್ಪು ದೂರ ಹೋದಂತೆ ದೊಡ್ಡದಾಗುವುದೆಂಬುದು ಸರ್ವೇಕ್ಷಣೆಯಲ್ಲಿಯೂ ಖಗೋಳಶಾಸ್ತ್ರದಲ್ಲಿಯೂ ನೆನಪಿಡಬೇಕಾದ ಪಾಠ.

ದಂತದಿಂದ ಪ್ಲಾಸ್ಟಿಕ್ಕಿಗೆ

ಈ ಚೆಂಡುಗಳ ಹಿಂದೆಯೂ ಒಂದು ಕಥೆಯುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಲಿಯರ್ಡ್ಸ್ ಚೆಂಡುಗಳನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ಒಂದು ದಂತದಿಂದ ದೊರೆಯುತ್ತಿದ್ದುದು ಕೆಲವೇ ಚೆಂಡುಗಳು. ಆಟ ಹರಡಿದಂತೆ ಆನೆಗಳಿಗೆ ಅಪಾಯ ಹೆಚ್ಚಿತು, ದಂತದ ಬೆಲೆಯೂ ಏರಿತು. 1860ರ ದಶಕದಲ್ಲಿ ಅಮೆರಿಕದ ಮೇಜು ತಯಾರಕರು ದಂತಕ್ಕೆ ಬದಲಿ ವಸ್ತುವನ್ನು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನವನ್ನು ಸಾರಿದರು. ಜಾನ್ ವೆಸ್ಲಿ ಹಯಾಟ್ ಎಂಬವನು ಈ ಪ್ರಯತ್ನದಲ್ಲಿ ತೊಡಗಿ ಸೆಲ್ಯುಲಾಯ್ಡನ್ನು ರೂಪಿಸಿ 1870ರಲ್ಲಿ ಹಕ್ಕುಪತ್ರ ಪಡೆದನು. ಮುಂದೆ ಚಲನಚಿತ್ರದ ಫಿಲ್ಮಿಗೆ ಒದಗಿದುದು ಇದೇ ವಸ್ತು. 1907ರಲ್ಲಿ ಲಿಯೋ ಬೇಕ್‌ಲೆಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡುಗಳಿಂದ ಬೇಕಲೈಟನ್ನು ತಯಾರಿಸಿದನು. ಇಂದಿನ ಉತ್ತಮ ಚೆಂಡುಗಳು ಇದೇ ಕುಲದ ರಾಳದಿಂದ ಆದುವು. ಆಟಕ್ಕಾಗಿ ನಡೆದ ಹುಡುಕಾಟ ಪ್ಲಾಸ್ಟಿಕ್ ಯುಗಕ್ಕೆ ಹೆಬ್ಬಾಗಿಲನ್ನೇ ತೆರೆಯಿತು.

ಯಾರ ಆಟ?

ಪೂಲ್‌ಗೆ ಸಮೀಪದ ಬಂಧುವಾದ ಸ್ನೂಕರ್ ಹುಟ್ಟಿದುದು ನಮ್ಮ ದೇಶದಲ್ಲಿಯೇ. 1875ರಲ್ಲಿ ಜಬಲ್ಪುರದ ಸೇನಾ ಠಾಣ್ಯದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ರೂಪಿಸಿದನೆಂದು ಪ್ರಸಿದ್ಧಿ. 1882ರಲ್ಲಿ ಉದಕಮಂಡಲದ ಊಟಿ ಕ್ಲಬ್ಬಿನಲ್ಲಿ ಇದರ ನಿಯಮಗಳು ಸ್ಥಿರಗೊಂಡುವು. ಆದರೆ ಅಂದಿನ ಆ ಕ್ಲಬ್ಬುಗಳಲ್ಲಿ ಭಾರತೀಯನಿಗೆ ಬಹುಮಟ್ಟಿಗೆ ದೊರೆಯುತ್ತಿದ್ದುದು ಅಂಕ ಬರೆಯುವ, ಚೆಂಡು ಎತ್ತಿಡುವ ಮಾರ್ಕರನ ಕೆಲಸ. ಆ ಗೋಡೆ ಮೆಲ್ಲನೆ ಕುಸಿಯಿತು. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಹವ್ಯಾಸಿಗಳ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದರು. ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಬಾಲ್ಯದಲ್ಲೇ ಕೋಲು ಹಿಡಿದು, ಅರವಿಂದ ಸವೂರರಲ್ಲಿ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ ಚೀನದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿಯನ್ನು ತಂದರು. ಬಳಿಕ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ ಇಪ್ಪತ್ತೈದನ್ನು ದಾಟಿತು. 2012ರಲ್ಲಿ ಕರ್ನಾಟಕದ ಉಮಾದೇವಿ ನಾಗರಾಜ್ ವಿಶ್ವ ಮಹಿಳಾ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದರು. ಹುಡುಗಿಯರಿಗೆ ಈ ಆಟವೇಕೆ ಎನ್ನುವವರಿಗೆ ಇದೇ ಉತ್ತರ.

ಆದರೂ ಇನ್ನೊಂದು ಗೋಡೆ ಉಳಿದಿದೆ. ಚಿಕ್ಕ ಊರುಗಳಲ್ಲಿ ಕ್ಲಬ್ ಎಂದೊಡನೆ ತಂದೆತಾಯಿಗಳ ಕಣ್ಣ ಮುಂದೆ ಬರುವುದು ಇಸ್ಪೀಟಿನ ಮೇಜು, ಬೀಡಿಯ ಹೊಗೆ, ಹಣದ ಪಂತ. ಅವರ ಅಂಜಿಕೆ ನಿರಾಧಾರವಾದುದಲ್ಲ. ಅದನ್ನು ಹೋಗಲಾಡಿಸಬೇಕಾದವರು ಕ್ಲಬ್ಬಿನ ಹಿರಿಯರು. ಮಕ್ಕಳಿಗೆಂದೇ ಸಂಜೆಯ ಒಂದು ಹೊತ್ತನ್ನು ಮೀಸಲಿಡಬೇಕು. ಆ ಹೊತ್ತಿನಲ್ಲಿ ಬಾಗಿಲು ಕಿಟಕಿಗಳು ತೆರೆದಿರಬೇಕು. ಪಂತ ಎಂಬ ಮಾತೇ ಏಳಕೂಡದು. ತನ್ನ ತಪ್ಪನ್ನು ತಾನೇ ಹೇಳಿಕೊಂಡು ಸರದಿಯನ್ನು ಬಿಟ್ಟುಕೊಡುವುದನ್ನು ಮೊದಲ ದಿನದಿಂದಲೇ ರೂಢಿಸಬೇಕು. ಮೇಜನ್ನು ಮಟ್ಟಮಾಡುವುದು, ಬಟ್ಟೆಯ ಧೂಳನ್ನು ತೆಗೆಯುವುದು, ಚೆಂಡುಗಳನ್ನು ಒರೆಸಿಡುವುದು ಇವನ್ನೂ ಮಕ್ಕಳಿಗೇ ವಹಿಸಬೇಕು. ಧೂಳು ಮೆತ್ತಿದ ಚೆಂಡುಗಳು ತಾಗಿದಾಗ ಒಂದಕ್ಕೊಂದು ಕಚ್ಚಿಕೊಂಡು ದಾರಿ ತಪ್ಪುತ್ತವೆ. ಉಪಕರಣ ಶುದ್ಧವಾಗಿಲ್ಲದಿದ್ದರೆ ಪ್ರಯೋಗದ ಫಲವೂ ಶುದ್ಧವಾಗಿರದೆಂಬುದು ಪ್ರಯೋಗಶಾಲೆಯ ಮೊದಲ ನೀತಿಯಲ್ಲವೆ?

ಕಲ್ಲುಚಪ್ಪಡಿಯ ಮೇಜು ದುಬಾರಿಯಾದುದು, ಎಲ್ಲ ಊರುಗಳಿಗೂ ಎಟುಕದು. ಅದಕ್ಕಾಗಿ ಯಾರೂ ಕಾಯಬೇಕಾದುದಿಲ್ಲ. ಎರಡು ಅಳತೆಪಟ್ಟಿಗಳನ್ನು ಒಂದು ಬೆರಳಿಗಿಂತ ಕಡಿಮೆ ಅಂತರದಲ್ಲಿ ಸಮಾನಾಂತರವಾಗಿ ಇರಿಸಿ, ಆ ಸಂದಿನಲ್ಲಿ ಒಂದೇ ಗಾತ್ರದ ಎರಡು ಗೋಲಿಗಳನ್ನು ಇಡಿರಿ. ಒಂದರಿಂದ ಇನ್ನೊಂದನ್ನು ಹೊಡೆಯಿರಿ. ಬಳಿಕ ಹೊಡೆಯುವ ಗೋಲಿಯ ಬದಲಿಗೆ ದೊಡ್ಡ ಗೋಲಿಯನ್ನು ಇಟ್ಟು ಹೊಡೆಯಿರಿ. ಮೊದಲನೆಯದು ಪೂಲ್, ಎರಡನೆಯದು ಕ್ಯಾರಂ. ಹೊಡೆದ ಗೋಲಿ ಎರಡು ಸಲವೂ ಎಷ್ಟು ದೂರ ಮುಂದುವರಿಯಿತೆಂದು ಅಳೆದು ಬರೆದಿಡಿರಿ.