ಸತುವಿನ ಪುಡಿಗೂ ಒಂದು ಹದ

ಬೆವರುಸಾಲೆಗೆ ಹಚ್ಚುವ ಕ್ಯಾಲಮೈನ್ ಲೋಷನ್, ಬಿಸಿಲಿಗೆ ಬಳಿಯುವ ಸನ್‌ಸ್ಕ್ರೀನ್, ಬಸ್ಸಿನ ಟೈರು. ಈ ಮೂರರಲ್ಲೂ ಬಳಕೆಯಾಗುವ ಬಿಳಿ ಪುಡಿಯೊಂದಿದೆ: ಜಿಂಕ್ ಆಕ್ಸೈಡ್, ಅಂದರೆ ಸತುವಿನ ಆಕ್ಸೈಡ್. ಮುಂಬೈಯ ಪ್ರಯೋಗಾಲಯವೊಂದರಲ್ಲಿ ಇದರ ನ್ಯಾನೋ ರೂಪಗಳನ್ನು ಬೆಳೆಸುವುದು ನನ್ನ ಕೆಲಸ. "ಏನು ಬೆಳೀತೀರಿ?" ಎಂದು ಕನ್ನಡ ಸಂಘದ ಗೆಳೆಯರು ಕೇಳಿದರೆ "ಕಡ್ಡಿ" ಎನ್ನುತ್ತೇನೆ. ದಪ್ಪ ಸುಮಾರು 100 ನ್ಯಾನೋಮೀಟರ್, ನಮ್ಮ ಕೂದಲಿನ ಸಾವಿರದ ಒಂದು ಪಾಲು!

ಈ ಬೆಳೆಗೆ ಉಷ್ಣತೆಯೇ ಯಜಮಾನ. ಸತುವಿನ ನೈಟ್ರೇಟ್ ಮತ್ತು ಹೆಕ್ಸಮೀನ್ ಬೆರೆಸಿದ ನೀರಿನಲ್ಲಿ, ಬೀಜದ ಪದರ ಹಚ್ಚಿದ ಗಾಜನ್ನು ಮುಳುಗಿಸಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ಗಂಟೆ ಇಡುತ್ತೇವೆ. ಬಿಸಿಗೆ ಹೆಕ್ಸಮೀನ್ ನಿಧಾನವಾಗಿ ಒಡೆದು ಅಮೋನಿಯಾ ಬಿಡುತ್ತದೆ, ದ್ರಾವಣ ಕ್ಷಾರವಾಗುತ್ತದೆ, ಗಾಜಿನ ಮೇಲೆ ಆರು ಮುಖದ ಕಡ್ಡಿಗಳು ಪೈರಿನಂತೆ ಎದ್ದು ನಿಲ್ಲುತ್ತವೆ. ಬಿಸಿ ಕಡಿಮೆಯಾದರೆ ಬೆಳೆ ಕುಂಠಿತ. ಅತಿಯಾದರೆ ಪುಡಿ ಗಾಜಿಗೆ ಅಂಟುವ ಬದಲು ನೀರಿನಲ್ಲೇ ಹುಟ್ಟಿ ತಳ ಸೇರುತ್ತದೆ. ಮೈಸೂರು ಪಾಕಿನ ಎಳೆ ಪಾಕ ನೋಡಿದವರಿಗೆ ಈ ಹದವನ್ನು ವಿವರಿಸಬೇಕಿಲ್ಲ.

ಇನ್ನೊಂದು ದಾರಿ ಕುಲುಮೆಯದು. ಜಿಂಕ್ ಆಕ್ಸೈಡಿಗೆ ಗ್ರಾಫೈಟ್ ಬೆರೆಸಿ 900 ಡಿಗ್ರಿಗೂ ಮೇಲೆ ಕಾಯಿಸಿದರೆ ಸತು ಆವಿಯಾಗಿ ಹೊರಡುತ್ತದೆ. ಆರ್ಗಾನ್ ಅನಿಲ ಅದನ್ನು ಕೊಳವೆಯ ತಣ್ಣನೆಯ ಕಡೆಗೆ ಒಯ್ಯುತ್ತದೆ. ಅಲ್ಲಿ ಆಮ್ಲಜನಕ ಸೇರಿ ಅದು ಮತ್ತೆ ಆಕ್ಸೈಡ್ ಆಗಿ ಕೂರುತ್ತದೆ. ಒಂದೇ ಕೊಳವೆ, ಒಂದೇ ಆವಿ. ಆದರೂ ಬಿಸಿ ಬದಲಾದ ಜಾಗದಲ್ಲಿ ರೂಪವೂ ಬದಲು. ಒಂದೆಡೆ ತಂತಿ, ಇನ್ನೊಂದೆಡೆ ಕಡ್ಡಿ, ಮತ್ತೊಂದೆಡೆ ಪಟ್ಟಿ. 2001ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಝೋಂಗ್ ಲಿನ್ ವಾಂಗ್ ಅವರ ತಂಡ ಬರಿಯ ಜಿಂಕ್ ಆಕ್ಸೈಡ್ ಪುಡಿಯನ್ನೇ 1400 ಡಿಗ್ರಿಗೆ ಕಾಯಿಸಿ ಇಂಥ ನ್ಯಾನೋಪಟ್ಟಿಗಳನ್ನು ಪಡೆಯಿತು.

ಆಕಾರಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು? ಅನಿಲ ಸೋರಿಕೆ ಪತ್ತೆಹಚ್ಚುವ ಸೆನ್ಸರ್‌ನಲ್ಲಿ ಅನಿಲ ಮುಟ್ಟುವುದು ಮೇಲ್ಮೈಯನ್ನು. ಕಡ್ಡಿ ತೆಳ್ಳಗಾದಷ್ಟೂ ಅದರ ತೂಕಕ್ಕೆ ಸಿಗುವ ಮೇಲ್ಮೈ ಹೆಚ್ಚು. ಇಂದಿನ ಕಡ್ಡಿ ತೆಳ್ಳಗೆ, ನಾಳೆಯದು ದಪ್ಪ ಎಂದಾದರೆ ಎರಡು ಸೆನ್ಸರ್‌ಗಳು ಒಂದೇ ಸೋರಿಕೆಗೆ ಎರಡು ಉತ್ತರ ಕೊಟ್ಟಾವು. ಅಡುಗೆಮನೆಯ ಗ್ಯಾಸ್ ವಿಷಯದಲ್ಲಿ ಅದು ಜೀವದ ಪ್ರಶ್ನೆ.

ಆದ್ದರಿಂದ ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಕಲಿಸುವುದು ರಸಾಯನಶಾಸ್ತ್ರವನ್ನಲ್ಲ, ಥರ್ಮೋಕಪಲ್ ಎಲ್ಲಿಡಬೇಕು ಎಂಬುದನ್ನು. ಕುಲುಮೆಯ ಫಲಕ ತೋರಿಸುವ ಅಂಕಿ ಫಲಕದ್ದು. ಮಾದರಿ ಕೂತ ಜಾಗದ ಬಿಸಿಯನ್ನು ಅಲ್ಲೇ ಅಳೆಯಬೇಕು. ನೀರಿನ ದಾರಿಗಂತೂ ದೊಡ್ಡ ಕುಲುಮೆಯೇ ಬೇಡ, ಸಾಧಾರಣ ಓವನ್ ಸಾಕು. ಸಣ್ಣ ಊರಿನ ಕಾಲೇಜಿನಲ್ಲೂ ಈ ಬೆಳೆ ತೆಗೆಯಬಹುದು, ಹದ ಕಾಯುವ ತಾಳ್ಮೆ ಇದ್ದರೆ.