ಬಾಡಿಗೆಯ ಸಿನಿಮಾ, ಸ್ವಂತದ ಸಿನಿಮಾ

2023ರ ಮೇ 12ರಂದು ಅಮೆರಿಕದಲ್ಲಿ ಮಕ್ಕಳ ಚಿತ್ರವೊಂದು ಬಿಡುಗಡೆಯಾಯಿತು. ಹೆಸರು ‘ಕ್ರೇಟರ್’. ಚಂದ್ರನ ಮೇಲಿನ ಗಣಿ ವಸಾಹತಿನಲ್ಲಿ ಬೆಳೆದ ಹುಡುಗನೊಬ್ಬ, ತೀರಿಕೊಂಡ ತಂದೆಯ ಕೊನೆಯ ಆಸೆಯಂತೆ, ಗೆಳೆಯರನ್ನು ಕಟ್ಟಿಕೊಂಡು ದೂರದ ಕುಳಿಯೊಂದನ್ನು ನೋಡಲು ಹೊರಡುವ ಕಥೆ ಅದು. ಡಿಸ್ನಿ ಸಂಸ್ಥೆ ಈ ಚಿತ್ರವನ್ನು ಚಿತ್ರಮಂದಿರಗಳಿಗೆ ಕೊಡಲಿಲ್ಲ. ಅಂತರಜಾಲದ ಮೂಲಕ ಮನೆಮನೆಗೆ ತಲುಪಿಸುವ ತನ್ನ ‘ಡಿಸ್ನಿ ಪ್ಲಸ್’ ಸೇವೆಯಲ್ಲೇ ನೇರವಾಗಿ ತೋರಿಸಿತು. ಏಳು ವಾರ ಕಳೆಯಿತು. ಜೂನ್ 30ರಂದು ಚಿತ್ರ ಅಲ್ಲಿಂದ ಮಾಯವಾಯಿತು. ಖರ್ಚು ತಗ್ಗಿಸಲು ಸಂಸ್ಥೆ ಆ ವರ್ಷ ತೆಗೆದುಹಾಕಿದ ಹಲವು ಕಾರ್ಯಕ್ರಮಗಳಲ್ಲಿ ಇದೂ ಒಂದಾಗಿತ್ತು.

ತಿಂಗಳ ಚಂದಾ ತಪ್ಪದೆ ಕಟ್ಟುತ್ತಿದ್ದವರಿಗೂ ಚಿತ್ರ ಸಿಗಲಿಲ್ಲ. ಡಿಸ್ಕ್ ರೂಪದಲ್ಲಿ ಬಂದಿರಲಿಲ್ಲವಾದ್ದರಿಂದ ಅಂಗಡಿಯಲ್ಲಿ ಹುಡುಕಿಯೂ ಪ್ರಯೋಜನವಿರಲಿಲ್ಲ. ಕೆಲವು ತಿಂಗಳ ನಂತರ ಅದನ್ನು ಅಂತರಜಾಲದಲ್ಲಿ ಬಿಡಿಯಾಗಿ ಮಾರಾಟಕ್ಕೆ ಇಟ್ಟರು ನಿಜ. ಆದರೆ ಈ ಪ್ರಸಂಗ ಒಂದು ಪ್ರಶ್ನೆಯನ್ನು ಉಳಿಸಿಹೋಯಿತು. ಮನೆಯಲ್ಲಿ ಕುಳಿತು ನೋಡುವ ಸಿನಿಮಾ ನಿಜವಾಗಿ ಎಲ್ಲಿದೆ? ಅದು ಯಾರದು?

ಉತ್ತರ ತಿಳಿಯಲು ಮೊದಲು ಡಿಸ್ಕಿನ ವಿಜ್ಞಾನವನ್ನು ಸ್ವಲ್ಪ ನೋಡಬೇಕು.

ಅದೇ ಸ್ಲೇಟು, ಚೂಪಾದ ಬಳಪ

ಸಿ.ಡಿ., ಡಿ.ವಿ.ಡಿ., ಬ್ಲೂ–ರೇ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ. ಮೂರೂ 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಆದರೆ ಸಿ.ಡಿ.ಯಲ್ಲಿ ಹಿಡಿಸುವುದು ಸುಮಾರು 700 ಮೆಗಾಬೈಟ್, ಡಿ.ವಿ.ಡಿ.ಯ ಒಂದು ಪದರದಲ್ಲಿ 4.7 ಗಿಗಾಬೈಟ್, ಬ್ಲೂ–ರೇಯ ಒಂದು ಪದರದಲ್ಲಿ 25 ಗಿಗಾಬೈಟ್. ಗಾತ್ರ ಒಂದೇ ಇದ್ದರೂ ಇಷ್ಟು ಅಂತರ ಹೇಗೆ?

ಮೊಂಡು ಬಳಪದಲ್ಲಿ ಸ್ಲೇಟಿನ ಮೇಲೆ ಹತ್ತು ಸಾಲು ಬರೆಯಬಹುದಾದರೆ, ಚೂಪಾದ ಬಳಪದಲ್ಲಿ ಮೂವತ್ತು ಸಾಲು ಬರೆಯಬಹುದು. ಡಿಸ್ಕಿನಲ್ಲೂ ನಡೆದಿರುವುದು ಇದೇ. ಅದರ ಒಳಪದರದಲ್ಲಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದು ಜಾಡು ಇರುತ್ತದೆ. ಆ ಜಾಡಿನುದ್ದಕ್ಕೂ ಕಣ್ಣಿಗೆ ಕಾಣದಷ್ಟು ಚಿಕ್ಕ ಕುಳಿಗಳು. ಲೇಸರ್ ಬೆಳಕು ಅವುಗಳ ಮೇಲೆ ಬಿದ್ದು ಪ್ರತಿಫಲಿಸುತ್ತದೆ. ಕುಳಿಯ ಅಂಚು ಬಂದಾಗ ಪ್ರತಿಫಲನ ಬದಲಾಗುತ್ತದೆ. ಆ ಬದಲಾವಣೆಯನ್ನು ಯಂತ್ರ ‘ಒಂದು’ ಎಂದು ಓದುತ್ತದೆ. ಬದಲಾವಣೆ ಇಲ್ಲದಿದ್ದರೆ ‘ಸೊನ್ನೆ’. ಹಾಡು, ಚಿತ್ರ, ಮಾತು ಎಲ್ಲವೂ ಈ ಸೊನ್ನೆ–ಒಂದುಗಳ ಸಾಲೇ.

ಬೆಳಕಿನ ತರಂಗಾಂತರ ಕಡಿಮೆಯಾದಷ್ಟೂ ಅದನ್ನು ಚಿಕ್ಕ ಬಿಂದುವಿನಲ್ಲಿ ಕೇಂದ್ರೀಕರಿಸಲು ಸಾಧ್ಯ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಬಳಸಿದ್ದು 780 ನ್ಯಾನೊಮೀಟರಿನ ಅವಕೆಂಪು ಕಿರಣ. 1996ರಲ್ಲಿ ಬಂದ ಡಿ.ವಿ.ಡಿ.ಗೆ 650 ನ್ಯಾನೊಮೀಟರಿನ ಕೆಂಪು ಬೆಳಕು. 2006ರಲ್ಲಿ ಚಲನಚಿತ್ರಗಳನ್ನು ಹೊತ್ತು ಬಂದ ಬ್ಲೂ–ರೇಗೆ 405 ನ್ಯಾನೊಮೀಟರಿನ ನೀಲಿ–ನೇರಳೆ ಬೆಳಕು. ಹೆಸರಿನಲ್ಲಿರುವ ‘ನೀಲಿ’ ಬಂದದ್ದು ಇಲ್ಲಿಂದಲೇ. ಸಿ.ಡಿ.ಯಲ್ಲಿ ಎರಡು ಜಾಡುಗಳ ನಡುವೆ 1.6 ಮೈಕ್ರೊಮೀಟರ್ ಅಂತರವಿದ್ದರೆ ಬ್ಲೂ–ರೇಯಲ್ಲಿ ಕೇವಲ 0.32. ಅಂದರೆ ಒಂದು ಜಾಡು ಇದ್ದ ಜಾಗದಲ್ಲಿ ಈಗ ಐದು!

ನೀಲಿ ಬೆಳಕನ್ನು ಪುಟ್ಟ ಅರೆವಾಹಕದಿಂದ ಹೊಮ್ಮಿಸುವುದು ಬಹುಕಾಲ ವಿಜ್ಞಾನಿಗಳಿಗೆ ಸವಾಲಾಗಿತ್ತು. ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನಿಂದ ಅದನ್ನು ಸಾಧಿಸಿದವರು ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ. ನೀಲಿ ಎಲ್.ಇ.ಡಿ.ಗಾಗಿ ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಅದೇ ವಸ್ತುವಿನ ನೀಲಿ–ನೇರಳೆ ಲೇಸರೇ ಬ್ಲೂ–ರೇ ಯಂತ್ರದೊಳಗಿನ ಕಣ್ಣು.

ಒಂದು ಲೆಕ್ಕ

ಇನ್ನು ಅಂತರಜಾಲದ ಮೂಲಕ ಹರಿದುಬರುವ ಸಿನಿಮಾ. ಇದಕ್ಕೆ ಸ್ಟ್ರೀಮಿಂಗ್ ಎಂದು ಹೆಸರು. ಎರಡರಲ್ಲಿ ಯಾವುದರ ಚಿತ್ರ ಹೆಚ್ಚು ಸ್ಪಷ್ಟ? ಹೈಸ್ಕೂಲಿನ ಗಣಿತವೇ ಇದಕ್ಕೆ ಸಾಕು.

‘ಫುಲ್ ಎಚ್.ಡಿ.’ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600 ಚುಕ್ಕೆಗಳು. ಒಂದೊಂದು ಚುಕ್ಕೆಯ ಬಣ್ಣ ಹೇಳಲು 24 ಬಿಟ್‌ಗಳು ಬೇಕು ಎಂದಿಟ್ಟುಕೊಳ್ಳೋಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಒಟ್ಟು ಸೆಕೆಂಡಿಗೆ ಸುಮಾರು 119 ಕೋಟಿ ಬಿಟ್, ಅಂದರೆ 1,194 ಮೆಗಾಬಿಟ್! ಎರಡು ಗಂಟೆಯ ಸಿನಿಮಾಕ್ಕೆ 1,075 ಗಿಗಾಬೈಟ್ ಬೇಕಾಗುತ್ತದೆ. ಒಂದು ಸಿನಿಮಾ ನೋಡಲು 25 ಗಿಗಾಬೈಟಿನ 43 ಡಿಸ್ಕುಗಳನ್ನು ಒಂದಾದ ಮೇಲೊಂದು ಹಾಕುತ್ತ ಕೂರಬೇಕು.

ಆದ್ದರಿಂದ ಡಿಸ್ಕ್ ಇರಲಿ, ಅಂತರಜಾಲವಿರಲಿ, ಚಿತ್ರವನ್ನು ಅಡಕಗೊಳಿಸುವುದು ಅನಿವಾರ್ಯ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ನಾಯಕ ನಡೆಯುತ್ತಾನೆ, ಹಿಂದಿನ ಗೋಡೆ ಹಾಗೆಯೇ ಇರುತ್ತದೆ. ಗೋಡೆಯನ್ನು ಮತ್ತೆ ಮತ್ತೆ ಬರೆಯದೆ ಬದಲಾದದ್ದನ್ನಷ್ಟೇ ಬರೆದರೆ ಸಾಕು. ಕಣ್ಣು ಗಮನಿಸದ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುವುದೂ ಉಂಟು. ಎಷ್ಟು ಬಿಡುತ್ತಾರೆ ಎಂಬುದರ ಮೇಲೆ ಚಿತ್ರದ ಗುಣಮಟ್ಟ ನಿಂತಿದೆ.

ಎರಡು ಗಂಟೆಯ ಚಿತ್ರವನ್ನು 25 ಗಿಗಾಬೈಟಿನಲ್ಲಿ ತುಂಬಿದರೆ ಸೆಕೆಂಡಿಗೆ ಸುಮಾರು 28 ಮೆಗಾಬಿಟ್ ಸಿಗುತ್ತದೆ. ಫುಲ್ ಎಚ್.ಡಿ. ಚಿತ್ರ ನೋಡಲು ಸೆಕೆಂಡಿಗೆ 5 ಮೆಗಾಬಿಟ್ ವೇಗದ ಸಂಪರ್ಕ ಸಾಕು ಎಂದು ನೆಟ್‌ಫ್ಲಿಕ್ಸ್ ಸಂಸ್ಥೆ ತನ್ನ ಗ್ರಾಹಕರಿಗೆ ಹೇಳುತ್ತದೆ. ಆ ವೇಗದಲ್ಲಿ ಎರಡು ಗಂಟೆಗೆ ಬರುವುದು ಹೆಚ್ಚೆಂದರೆ 4.5 ಗಿಗಾಬೈಟ್. ಇನ್ನೂ ಸೂಕ್ಷ್ಮವಾದ ‘4ಕೆ’ ಚಿತ್ರಕ್ಕೆ ಅದೇ ಸಂಸ್ಥೆ 15 ಮೆಗಾಬಿಟ್ ವೇಗ ಸೂಚಿಸುತ್ತದೆ. 2016ರಲ್ಲಿ ಬಂದ ‘ಅಲ್ಟ್ರಾ ಎಚ್.ಡಿ. ಬ್ಲೂ–ರೇ’ ಡಿಸ್ಕಿನಲ್ಲಿ 100 ಗಿಗಾಬೈಟಿನವರೆಗೆ ಜಾಗವಿದೆ. ಹೊಸ ಅಡಕ ವಿಧಾನಗಳು ಕಡಿಮೆ ಬಿಟ್‌ಗಳಲ್ಲೇ ಹೆಚ್ಚು ಕೆಲಸ ಮಾಡುತ್ತವೆ ಎಂಬುದು ನಿಜ. ಆದರೂ ಇಷ್ಟು ಅಂತರವನ್ನು ಪೂರ್ತಿ ತುಂಬಲಾರವು.

ವ್ಯತ್ಯಾಸ ಕಾಣುವುದು ಕತ್ತಲೆಯ ದೃಶ್ಯಗಳಲ್ಲಿ, ಮಂಜು, ಹೊಗೆ, ಸುರಿಯುವ ಮಳೆಯಲ್ಲಿ. ಇಲ್ಲಿ ಪ್ರತಿ ಚುಕ್ಕೆಯೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ‘ಬದಲಾದದ್ದನ್ನಷ್ಟೇ ಬರೆಯುವ’ ಉಪಾಯ ಸೋಲುತ್ತದೆ. ಕಪ್ಪು ಆಕಾಶದಲ್ಲಿ ಪಟ್ಟೆಗಳು, ಹೊಗೆಯಲ್ಲಿ ಚೌಕಗಳು ಮೂಡುತ್ತವೆ. ದೊಡ್ಡ ಟಿ.ವಿ.ಯ ಮುಂದೆ ಹತ್ತಿರ ಕುಳಿತರೆ ಇದು ಗೊತ್ತಾಗುತ್ತದೆ. ಅಂಗೈಯ ಮೊಬೈಲಿನಲ್ಲಿ ನೋಡುವವರಿಗೆ ಏನೂ ತಿಳಿಯದು.

ಹರಿವಿನ ಅನುಕೂಲ

ಸ್ಟ್ರೀಮಿಂಗ್‌ನ ಗುಣವನ್ನೂ ಹೇಳಬೇಕು. ಅಲ್ಲಿ ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ಸಂಪರ್ಕ ಚೆನ್ನಾಗಿದ್ದಾಗ ಉತ್ತಮ ತುಣುಕು, ಕುಂಟಿದಾಗ ಸಾಧಾರಣ ತುಣುಕು ಬರುತ್ತದೆ. ಹೀಗಾಗಿ ಚಿತ್ರ ಮಸುಕಾದರೂ ಬಹುಮಟ್ಟಿಗೆ ನಿಲ್ಲುವುದಿಲ್ಲ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಡೇಟಾ ಅಗ್ಗವಾಯಿತು. ಒಂದು ತಿಂಗಳ ಚಂದಾದಲ್ಲಿ ನೂರಾರು ಚಿತ್ರಗಳು ಹಳ್ಳಿಯ ಮನೆಗೂ ಬರುವಂತಾದದ್ದು ಸಣ್ಣ ಮಾತಲ್ಲ.

ಅದಕ್ಕೆ ಮೊದಲು ಇಲ್ಲಿ ಡಿಸ್ಕುಗಳಿಗೂ ಒಂದು ಕಾಲವಿತ್ತು. ವಿ.ಸಿ.ಡಿ.ಯಲ್ಲಿ ಸುಮಾರು 74 ನಿಮಿಷದ ಚಿತ್ರ ಮಾತ್ರ ಹಿಡಿಸುತ್ತಿದ್ದುದರಿಂದ ಒಂದು ಸಿನಿಮಾಕ್ಕೆ ಎರಡು–ಮೂರು ಡಿಸ್ಕು ಬದಲಿಸಬೇಕಾಗುತ್ತಿದ್ದುದು ಇಂದಿನ ತಂದೆ ತಾಯಂದಿರಿಗೆ ನೆನಪಿರಬಹುದು. 2007ರ ಸುಮಾರಿಗೆ ಮೋಸರ್ ಬೇರ್ ಇಂಡಿಯಾ ಕಂಪನಿ 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಮಾರಿತು. ಕನ್ನಡ ಚಿತ್ರಗಳೂ ಅದರಲ್ಲಿ ಸೇರಿದ್ದವು. ಆ ಕಂಪನಿ 2018ರಲ್ಲಿ ಮುಚ್ಚಿಹೋಯಿತು.

ಕೊಂಡದ್ದು ಯಾರದು?

ಚಂದಾ ಕಟ್ಟಿ ನೋಡುವುದು ಬಾಡಿಗೆ ಎಂದು ಎಲ್ಲರಿಗೂ ಗೊತ್ತು. ಆದರೆ ಅಂತರಜಾಲದಲ್ಲಿ ಬೆಲೆ ತೆತ್ತು ‘ಕೊಂಡ’ ಸಿನಿಮಾ?

2023ರ ಡಿಸೆಂಬರಿನಲ್ಲಿ ಸೋನಿ ಸಂಸ್ಥೆ ತನ್ನ ಪ್ಲೇಸ್ಟೇಷನ್ ಗ್ರಾಹಕರಿಗೆ ಒಂದು ಸೂಚನೆ ಹೊರಡಿಸಿತು. ಅವರು ಹಣ ಕೊಟ್ಟು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳು ಆ ತಿಂಗಳ ಕೊನೆಗೆ ಅವರ ಖಾತೆಯಿಂದ ಹೋಗಲಿವೆ ಎಂಬುದೇ ಆ ಸೂಚನೆ. ಕಾರಣ, ಎರಡು ಕಂಪನಿಗಳ ನಡುವಿನ ಪರವಾನಗಿ ಒಪ್ಪಂದ. ಗ್ರಾಹಕರು ಸಿಟ್ಟಾದರು. ಒಪ್ಪಂದ ಬದಲಾಗಿ ಕಾರ್ಯಕ್ರಮಗಳು ಉಳಿದವು. ಆದರೆ ‘ಕೊಳ್ಳುವುದು’ ಎಂಬ ಮಾತಿನ ಅರ್ಥ ಎಷ್ಟು ಸಡಿಲವಾಗಿದೆ ಎಂಬುದು ಬಯಲಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನನ್ನೇ ಮಾಡಿತು. ಗ್ರಾಹಕನಿಗೆ ಸಿಗುವುದು ಕೇವಲ ಪರವಾನಗಿಯಾದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ.

ಡಿಸ್ಕಿನ ಮಾತು ಬೇರೆ. ಅಂಗಡಿಯವನು ಬಾಗಿಲು ಮುಚ್ಚಿದರೂ, ಕಂಪನಿ ಕೈ ಬದಲಾದರೂ, ಕಪಾಟಿನಲ್ಲಿರುವ ಡಿಸ್ಕನ್ನು ಯಾರೂ ಬಂದು ಒಯ್ಯುವುದಿಲ್ಲ. ಗೆಳೆಯನಿಗೆ ಎರವಲು ಕೊಡಬಹುದು. ಮಕ್ಕಳಿಗೆ ಬಿಟ್ಟುಹೋಗಬಹುದು.

ಡಿಸ್ಕೂ ಅಮರವಲ್ಲ

ಹಾಗೆಂದು ಡಿಸ್ಕೇ ಪರಿಹಾರ ಎಂದು ಬೀಗುವಂತಿಲ್ಲ. ಪದರಗಳ ಅಂಟು ಕೆಟ್ಟು, ಹೊಳೆಯುವ ಲೋಹ ಮಾಸಿ ಡಿಸ್ಕ್ ಓದಲಾಗದಂತೆ ಆಗುವುದುಂಟು. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿ.ವಿ.ಡಿ.ಗಳು ಹೀಗೆ ಕೆಟ್ಟಿರುವುದನ್ನು ವಾರ್ನರ್ ಸಂಸ್ಥೆ 2025ರಲ್ಲಿ ಒಪ್ಪಿಕೊಂಡಿತು. ಓದುವ ಯಂತ್ರಗಳೂ ಕಡಿಮೆಯಾಗುತ್ತಿವೆ. 1998ರಲ್ಲಿ ಅಂಚೆಯ ಮೂಲಕ ಡಿ.ವಿ.ಡಿ. ಬಾಡಿಗೆ ಕೊಡುವುದರಿಂದಲೇ ವ್ಯವಹಾರ ಆರಂಭಿಸಿದ್ದ ನೆಟ್‌ಫ್ಲಿಕ್ಸ್, 2023ರ ಸೆಪ್ಟೆಂಬರ್ 29ರಂದು ಕೊನೆಯ ಡಿಸ್ಕುಗಳನ್ನು ಅಂಚೆಗೆ ಹಾಕಿ ಆ ಸೇವೆಯನ್ನು ಮುಗಿಸಿತು. ಖಾಲಿ ಬ್ಲೂ–ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು.

ಹಾಗಾದರೆ ಸಿನಿಮಾ ಉಳಿಯುವುದು ಯಾವುದರಿಂದ? ಚರಿತ್ರೆ ಕೊಡುವ ಉತ್ತರ ಒಂದೇ. ಹಲವು ಪ್ರತಿಗಳು ಹಲವರ ಕೈಯಲ್ಲಿದ್ದರೆ ಉಳಿಯುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಲಭ್ಯವಿಲ್ಲ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಅದರಲ್ಲಿ ಹೇಗೆ ನಟಿಸಿದ್ದರು ಎಂಬುದನ್ನು ಓದಿ ತಿಳಿಯಬೇಕೇ ಹೊರತು ನೋಡಿ ತಿಳಿಯುವಂತಿಲ್ಲ. ಬ್ರಿಟನ್ನಿನ ಬಿ.ಬಿ.ಸಿ. ಕೂಡ ತನ್ನ ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ ಹಳೆಯ ಎಷ್ಟೋ ಕಂತುಗಳ ಟೇಪುಗಳನ್ನು ಅಳಿಸಿಬಿಟ್ಟಿತ್ತು. ಕಳೆದುಹೋದ ಆ ಕಂತುಗಳ ಧ್ವನಿ ಇಂದಿಗೂ ಉಳಿದಿರುವುದು, ಆಗ ಮನೆಯ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟಿದ್ದ ಸಾಮಾನ್ಯ ವೀಕ್ಷಕರಿಂದ. ಸಂಸ್ಥೆ ಕಳೆದದ್ದನ್ನು ಮನೆಗಳು ಕಾದವು.

ಮನೆಯಲ್ಲಿ ಮಾಡಬಹುದಾದದ್ದು

ಒಮ್ಮೆ ನೋಡಿ ಮರೆಯುವ ಚಿತ್ರಗಳಿಗೆ ಸ್ಟ್ರೀಮಿಂಗ್ ಸಾಕು. ಅದಕ್ಕಾಗಿ ಡಿಸ್ಕ್ ಕೊಳ್ಳುವುದು ದುಂದು. ಮಕ್ಕಳಿಗೆ ಮುಂದೆಯೂ ತೋರಿಸಬೇಕೆನಿಸುವ ನಾಲ್ಕಾರು ಚಿತ್ರಗಳು ಡಿಸ್ಕಿನಲ್ಲಿ ದೊರೆತರೆ ತಂದಿಟ್ಟುಕೊಳ್ಳುವುದು ಒಳ್ಳೆಯದು. ಹೊರದೇಶದಿಂದ ತರಿಸುವಾಗ ವಲಯದ ಗುರುತು ನೋಡಬೇಕು. ಬ್ಲೂ–ರೇಯಲ್ಲಿ ಭಾರತ ‘ಸಿ’ ವಲಯಕ್ಕೆ ಸೇರಿದೆ. ಡಿಸ್ಕನ್ನು ಅಂಚಿನಲ್ಲಿ ಹಿಡಿಯಬೇಕು, ಡಬ್ಬಿಯೊಳಗೆ ನೇರ ನಿಲ್ಲಿಸಿಡಬೇಕು, ಬಿಸಿಲು ತಾಗಿಸಬಾರದು. ಒರೆಸುವಾಗ ನಡುವಿನಿಂದ ಅಂಚಿಗೆ ಒರೆಸಬೇಕು, ಸುತ್ತಲೂ ತಿಕ್ಕಬಾರದು.

ಇದಕ್ಕಿಂತ ತುರ್ತಾದ ಕೆಲಸ ಒಂದಿದೆ. ಅನೇಕ ಮನೆಗಳ ಬೀರುವಿನಲ್ಲಿ ಮದುವೆಯ, ನಾಮಕರಣದ, ಶಾಲಾ ವಾರ್ಷಿಕೋತ್ಸವದ ಡಿಸ್ಕುಗಳಿವೆ. ಇವು ಕಾರ್ಖಾನೆಯಲ್ಲಿ ಅಚ್ಚೊತ್ತಿದವಲ್ಲ. ಸ್ಟುಡಿಯೋದವರು ಖಾಲಿ ಡಿಸ್ಕಿನ ಬಣ್ಣದ ಪದರದ ಮೇಲೆ ಲೇಸರಿನಿಂದ ಬರೆದುಕೊಟ್ಟವು. ಬೆಳಕಿಗೆ, ಸೆಖೆಗೆ ಆ ಬಣ್ಣ ಕ್ರಮೇಣ ಮಾಸುತ್ತದೆ. ಆ ಚಿತ್ರಗಳು ಯಾವ ಸ್ಟ್ರೀಮಿಂಗ್ ಸೇವೆಯಲ್ಲೂ ಇಲ್ಲ. ಜಗತ್ತಿನಲ್ಲಿ ಅವುಗಳ ಪ್ರತಿ ಇರುವುದು ಆ ಒಂದು ಡಬ್ಬಿಯಲ್ಲಿ ಮಾತ್ರ.

ಕಂಪ್ಯೂಟರ್ ಬಲ್ಲ ವಿದ್ಯಾರ್ಥಿಗಳು ಈ ರಜೆಯಲ್ಲಿ ಅವನ್ನು ಹೊರತೆಗೆದು, ಓದುವ ಡ್ರೈವ್ ಇನ್ನೂ ಸಿಗುತ್ತಿರುವಾಗಲೇ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬಹುದು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಚಿಕ್ಕಪ್ಪನ ಮನೆಯಲ್ಲೋ ಸೋದರತ್ತೆಯ ಮನೆಯಲ್ಲೋ ಇರಲಿ. ಇಳಿಸುವಾಗ ಅಜ್ಜಿ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಛತ್ರದ ಸಾಲಿನಲ್ಲಿ ಕುಳಿತಿರುವ ಅಷ್ಟು ಜನರಲ್ಲಿ ಯಾರು ಯಾರೆಂದು ಹೇಳಬಲ್ಲವರು ಅವರೊಬ್ಬರೇ. ಆ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗೇ ಇಟ್ಟುಕೊಳ್ಳಬೇಕು.