ಅಂಗಳವೇ ನಡುಮನೆ

ಭೂಮಧ್ಯರೇಖೆಯಿಂದ ಏಳು ಡಿಗ್ರಿಯಷ್ಟೇ ಉತ್ತರಕ್ಕಿರುವ ಊರು ಕೊಲಂಬೊ. ಅಲ್ಲಿ ಬಿಸಿಲು ವರ್ಷವಿಡೀ ನೆತ್ತಿಯ ಮೇಲೆಯೇ ಸುರಿಯುತ್ತದೆ. ಹಗಲಿಗೂ ಇರುಳಿಗೂ ಸೆಕೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಒಣ ಸೀಮೆಯಲ್ಲಾದರೆ ದಪ್ಪ ಗೋಡೆ ಕಟ್ಟಿ, ಹಗಲು ಕಿಟಕಿ ಮುಚ್ಚಿ, ರಾತ್ರಿಯ ತಂಪನ್ನು ಒಳಗೆ ಹಿಡಿದಿಡಬಹುದು. ಇಲ್ಲಿ ಹಿಡಿದಿಡಲು ಅಂಥ ತಂಪೇ ಇಲ್ಲ. ನೆರಳು ಬೇಕು, ಮೈಯ ಬೆವರು ಆರುವಂತೆ ಗಾಳಿ ಆಡಬೇಕು, ಮುಂಗಾರು, ಹಿಂಗಾರು ಎರಡರ ಮಳೆಯೂ ತಲೆಗೆ ಬೀಳಬಾರದು. ಮನೆಯಿಂದ ಈ ಹವೆ ಕೇಳುವುದು ಇಷ್ಟೇ.

ವಾಸ್ತುಶಿಲ್ಪಿ ಜೆಫ್ರಿ ಬಾವಾ 1960ರಿಂದ 62ರವರೆಗೆ ಅಲ್ಲಿನ ಆಲ್ಫ್ರೆಡ್ ಪ್ಲೇಸ್ ಎಂಬ ಬೀದಿಯಲ್ಲಿ ಕಟ್ಟಿಸಿದ ಮನೆ ಅದಷ್ಟನ್ನೂ ಕೊಟ್ಟಿತು. ಮನೆಯೊಡತಿ ಈನಾ ಡಿ ಸಿಲ್ವಾ ಬಾಟಿಕ್ ಕಲಾವಿದೆ. ಪತಿ ಆಸ್ಮಂಡ್ ಪೊಲೀಸ್ ಇಲಾಖೆಯ ಉನ್ನತ ಹುದ್ದೆಯಲ್ಲಿದ್ದವರು. ವಕೀಲಿಕೆ ಓದಿ, ಅದು ಒಗ್ಗದೆ, ಮೂವತ್ತೆಂಟರ ವಯಸ್ಸಿನಲ್ಲಿ ಲಂಡನ್ನಿನಲ್ಲಿ ವಾಸ್ತುಶಿಲ್ಪದ ಪದವಿ ಪಡೆದು ಬಂದಿದ್ದ ಬಾವಾ ಆಗಿನ್ನೂ ಹೊಸಬರು. ಹಳೆಯ ಸಿಂಹಳ ದೊಡ್ಡಮನೆಗಳ ಅಂಗಳ ಬೇಕು, ಜೊತೆಗೆ ಈ ಕಾಲದ ಬಯಲು ಬಯಲಾದ ಮನೆಯೂ ಬೇಕು ಎಂಬುದು ಅವರ ಮುಂದಿದ್ದ ಬೇಡಿಕೆ.

ಬೀದಿಗೆ ಕಾಣುತ್ತಿದ್ದುದು ಎತ್ತರದ ಗೋಡೆ, ಅದರ ಮೇಲೊಂದು ಹಂಚಿನ ಇಳಿಜಾರು. ಒಳಗೇನಿದೆಯೆಂಬ ಸುಳಿವು ಸಿಗುತ್ತಿರಲಿಲ್ಲ. ಬಾಗಿಲು ದಾಟಿ, ಮಬ್ಬಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಬೆಳಕು ಧುಮುಕುತ್ತದೆ. ಎದುರಿಗೆ ದೊಡ್ಡ ಅಂಗಳ, ದೇವಕಣಗಿಲೆ ಮರ, ಅಲ್ಲಲ್ಲಿ ಒರಟು ಬೀಸುಕಲ್ಲುಗಳು. ಸುತ್ತಲೂ ಜಗಲಿ. ಜಗಲಿಯ ಆಚೆ ಕೋಣೆಗಳು, ಅವುಗಳ ಬೆನ್ನಿಗೆ ಇನ್ನಷ್ಟು ಸಣ್ಣ ಅಂಗಳಗಳು. ಯಾವ ಕೋಣೆಯಲ್ಲಿ ಕುಳಿತರೂ ಎರಡು ಬದಿಗೆ ಆಕಾಶ ಕಾಣುತ್ತದೆ; ಒಂದು ಅಂಗಳದಿಂದ ಹೊಕ್ಕ ಗಾಳಿ ಇನ್ನೊಂದಕ್ಕೆ ಹಾದುಹೋಗುತ್ತದೆ. ಸಿಂಹಳದಲ್ಲಿ ಈ ನಡು ಅಂಗಳವನ್ನು ಮೆದ ಮಿದುಲ ಎನ್ನುತ್ತಾರೆ. ನಮ್ಮ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಹೊಸದೆಂದರೆ ಕೋಣೆಗಳ ನಡುವೆ ಗೋಡೆಗಳು ಕರಗಿರುವ ರೀತಿ: ಊಟದ ಜಾಗ ಎಲ್ಲಿ ಮುಗಿಯಿತು, ಜಗಲಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಒಂದು ಕಂಬದ ಹತ್ತಿರ ನಿಂತು ನೋಡಬೇಕು. ಗಟ್ಟಿ ಮರದ ಕಂಬ, ಅದರ ಬುಡಕ್ಕೆ ಗ್ರಾನೈಟ್ ಕಲ್ಲಿನ ಪೀಠ. ಸೂರಿನಿಂದ ಬಿದ್ದ ನೀರು ನೆಲದಲ್ಲಿ ಸಿಡಿದರೂ ಮರಕ್ಕೆ ತಾಗುವುದು ಕಡಿಮೆ. ಗೆದ್ದಲಿಗೂ ಸುಲಭದ ದಾರಿಯಿಲ್ಲ. ನಾಲ್ಕು ಬದಿಗೂ ಸೂರು ಮುಂದಕ್ಕೆ ಚಾಚಿರುವುದರಿಂದ ಎಂಥ ಮಳೆಯಲ್ಲೂ ಜಗಲಿಯಲ್ಲಿ ಕುರ್ಚಿ ಹಾಕಿ ಕೂರಬಹುದು. ಇದಕ್ಕಿಂತ ದೊಡ್ಡ ಐಷಾರಾಮ ಬಿಸಿಲು ನಾಡಿನ ಮನೆಯಲ್ಲಿ ಇನ್ನೊಂದಿಲ್ಲ ಎನ್ನುತ್ತೇನೆ.

ವಿದೇಶಿ ವಿನಿಮಯದ ಅಭಾವದಿಂದ ಆ ವರ್ಷಗಳ ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ಆಮದಿನ ಮೇಲೆ ಕಟ್ಟುನಿಟ್ಟಿನ ನಿರ್ಬಂಧವಿತ್ತು. ಉಕ್ಕು, ಗಾಜು ದುಬಾರಿ. ಬಾವಾ ಅದಕ್ಕಾಗಿ ಕೊರಗದೆ ಊರಿನ ಇಟ್ಟಿಗೆ, ಸುಣ್ಣ, ಮರ, ಕಲ್ಲು, ಹಂಚನ್ನೇ ನೆಚ್ಚಿದರು. ಬೇರೆ ದೇಶಗಳ ಆಧುನಿಕ ಮನೆಗಳು ಬಯಲಿನ ಭಾವನೆಗಾಗಿ ಗಾಜಿನ ಗೋಡೆಗೆ ಮೊರೆಹೋದರೆ ಇಲ್ಲಿ ಗಾಜಿನ ಜಾಗದಲ್ಲಿ ಏನೂ ಇಲ್ಲ, ಬರೀ ಗಾಳಿ. ಮಾಡಿಗೂ ಅವರು ಒಂದು ಉಪಾಯ ರೂಢಿಗೆ ತಂದರು. ಅಲೆಅಲೆಯಾದ ಸಿಮೆಂಟ್ ಶೀಟು ಹಾಸಿ, ಅದರ ಮೇಲೆ ಅರೆದುಂಡಗಿನ ನಾಡಹೆಂಚು ಹೊದಿಸುವುದು. ಹೆಂಚು ಬಿಸಿಲನ್ನು ತಡೆಯುತ್ತದೆ, ಶೀಟು ಸೋರಿಕೆಯನ್ನು. ಎರಡರ ನಡುವಿನ ಸಂದಿನಲ್ಲಿ ಗಾಳಿ ಆಡುತ್ತದೆ. ಆ ಶೀಟಿನಲ್ಲಿ ಬೆರೆತಿದ್ದ ಕಲ್ನಾರು ಆರೋಗ್ಯಕ್ಕೆ ಕೇಡೆಂದು ಈಗ ಗೊತ್ತಿದೆ. ಕಲ್ನಾರಿಲ್ಲದ ಶೀಟಿನಲ್ಲಿ ಇದೇ ಕೆಲಸ ಇಂದೂ ಮಾಡಬಹುದು. ನಮ್ಮ ಕರಾವಳಿಯಲ್ಲಿ ಹಂಚಿನ ಮಾಡು ಕೆಡವಿ ಬೋಳು ತಾರಸಿ ಹಾಕಿಸಿ, ಆಮೇಲೆ ಸೆಕೆ ತಾಳದೆ ಏಸಿ ಕೂರಿಸಿ, ಸೋರಿಕೆಗೆ ಮೇಲೊಂದು ತಗಡಿನ ಚಪ್ಪರ ಎಬ್ಬಿಸುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಕೊಲಂಬೊ ಬೆಳೆದು, ನಿವೇಶನದ ಬೆಲೆ ಮನೆಯ ಬೆಲೆಯನ್ನು ನುಂಗಿತು. ಜಾಗ ಮಾರಾಟವಾದಾಗ ಬಾವಾ ಅವರ ಹೆಸರಿನ ಟ್ರಸ್ಟ್ ಮುಂದೆ ಬಂದು, ಮನೆಯನ್ನು ಬಿಚ್ಚಿ, ಕಲ್ಲು, ಮರಗಳಿಗೆ ಗುರುತು ಹಾಕಿ, ಬೆಂತೋಟದ ಬಳಿ ಬಾವಾ ದಶಕಗಳ ಕಾಲ ಬೆಳೆಸಿದ ಲುನುಗಂಗ ತೋಟಕ್ಕೆ ಸಾಗಿಸಿ ಮತ್ತೆ ಜೋಡಿಸಿತು. ಮನೆ ಅಲ್ಲಿ ನೋಡಲು ಸಿಗುತ್ತದೆ, ಉಳಿಯಿತೆಂಬುದೇ ದೊಡ್ಡದು. ಆದರೆ ಇದು ಇಕ್ಕಟ್ಟಿನ ಪೇಟೆಗೆಂದು, ನೆರೆಯವರ ಕಣ್ಣು ತಪ್ಪಿಸಿ ತನ್ನದೇ ಆಕಾಶ ಇಟ್ಟುಕೊಳ್ಳಲೆಂದು ಮಾಡಿದ ಮನೆ. ಹಸಿರಿನ ನಡುವೆ ಅದರ ಎತ್ತರದ ಗೋಡೆಗೆ ಹೆಚ್ಚು ಕೆಲಸವಿಲ್ಲ. ಆ ಗೋಡೆಯ ಅಗತ್ಯ ಇರುವುದು ಮೂವತ್ತು-ನಲವತ್ತರ ಸೈಟುಗಳ ನಮ್ಮ ಬೀದಿಗಳಲ್ಲಿ.